ನಮ್ಮ ಸೀಮೆಯಲ್ಲಿ ಸಲ್ಲದ ನಾಣ್ಯ

ಹಣವೆಂದರೇನು ಎಂಬ ಪ್ರಶ್ನೆಗೆ ನಮ್ಮ ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಕೊಡುವ ಉತ್ತರ ಬಹು ಸರಳವಾದುದು. ಯಾವುದನ್ನು ಎಲ್ಲರೂ ಸಂದಾಯವಾಗಿ ಒಪ್ಪಿಕೊಳ್ಳುವರೋ ಅದೇ ಹಣ. ಈ ವಾಕ್ಯವನ್ನು ಪರೀಕ್ಷೆಯಲ್ಲಿ ಬರೆದು ನಾನು ಅಂಕಗಳನ್ನೂ ಪಡೆದಿದ್ದೇನೆ. ಆದರೆ ಕಳೆದ ಸಾಲಿನ ನಾಯಕನಹಟ್ಟಿ ಜಾತ್ರೆ ಮುಗಿದ ಮೇಲೆ, ಈ ವಾಕ್ಯ ನಮ್ಮ ಕುದಾಪುರದ ಮಟ್ಟಿಗೆ ಎಷ್ಟು ನಿಜ ಎಂಬ ಸಂದೇಹ ನನ್ನಲ್ಲಿ ಹುಟ್ಟಿತು.

ನಮ್ಮಜ್ಜಿ ಪ್ರತಿ ವರ್ಷ ತಿಪ್ಪೇರುದ್ರಸ್ವಾಮಿಯ ಜಾತ್ರೆಯಲ್ಲಿ ಹುರಿಗಡಲೆ, ಮಂಡಕ್ಕಿ, ಕಡಲೆಕಾಯಿ ಮಾರುತ್ತಾಳೆ. ದೂರದೂರದಿಂದ ಬಂದ ಭಕ್ತರು ಕೊಟ್ಟ ಹಣದಲ್ಲಿ ಹತ್ತು ರೂಪಾಯಿಯ ಬಿಲ್ಲೆಗಳೂ ಇದ್ದವು. ಪಕ್ಕದ ಅಂಗಡಿಯವರು ಅವನ್ನು ಬೇಡವೆಂದು ಹಿಂದಿರುಗಿಸುತ್ತಿದ್ದರೆ, "ಸರ್ಕಾರದ ಮುದ್ರೆ ಐತಲ್ಲ" ಎಂದು ಇವಳು ತೆಗೆದುಕೊಂಡಳು. ಮೂರು ದಿನಕ್ಕೆ ಅವು ನಲವತ್ತೇಳಾದವು. ನನ್ನ ಪರೀಕ್ಷೆಯ ಶುಲ್ಕಕ್ಕೆ ಆಗಲೆಂದು ಒಂದು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು. ಆ ಗಂಟನ್ನು ಬಿಚ್ಚಿ ನೋಟಾಗಿ ಮಾಡಿಕೊಳ್ಳಲು ನಾನು ಪಟ್ಟ ಪಾಡೇ ಈ ಲೇಖನಕ್ಕೆ ಮೂಲ.

ಮೊದಲು ಊರಿನ ಕಿರಾಣಿ ಅಂಗಡಿಗೆ ಹೋದೆ. "ತಮ್ಮಾ, ಇವು ನಡ್ಯಲ್ಲ, ನೋಟಿದ್ರೆ ಕೊಡು" ಎಂದರು. ಚಹದಂಗಡಿಯಲ್ಲೂ ಅದೇ ಮಾತು. ಬಸ್ಸಿನಲ್ಲಿ ಕೊಡಲು ಹೋದರೆ ಕಂಡಕ್ಟರು ಬಿಲ್ಲೆಯನ್ನು ತಿರುಗಿಸಿ ನೋಡಿ, ನನ್ನನ್ನೂ ಒಮ್ಮೆ ನೋಡಿ, ಹಿಂದಕ್ಕೆ ಕೊಟ್ಟರು. ಚಳ್ಳಕೆರೆಯ ಸಂತೆಯಲ್ಲಿ ಒಬ್ಬರು ಮಾತ್ರ ನಲವತ್ತೇಳನ್ನೂ ಒಟ್ಟಿಗೆ ತೆಗೆದುಕೊಳ್ಳಲು ಒಪ್ಪಿದರು. ಆದರೆ ಅವರು ಕೊಡುತ್ತೇನೆಂದದ್ದು ನಾಲ್ಕು ನೂರು ರೂಪಾಯಿ. ಎಪ್ಪತ್ತು ರೂಪಾಯಿ ವಟ್ಟ! ರಾಜರ ಕಾಲದಲ್ಲಿ ಶರಾಫರು ಒಂದು ಸೀಮೆಯ ನಾಣ್ಯವನ್ನು ಇನ್ನೊಂದು ಸೀಮೆಯದಕ್ಕೆ ಬದಲಿಸುವಾಗ ವಟ್ಟ ಹಿಡಿಯುತ್ತಿದ್ದರೆಂದು ಓದಿದ್ದೆ. ಒಂದೇ ದೇಶ, ಒಂದೇ ಸರ್ಕಾರ, ಒಂದೇ ರೂಪಾಯಿ ಇರುವ ಈ ಕಾಲದಲ್ಲಿಯೂ ವಟ್ಟವನ್ನು ನನ್ನ ಕಣ್ಣಾರೆ ಕಂಡೆ. ಗಂಟನ್ನು ಮತ್ತೆ ಕಟ್ಟಿಕೊಂಡು ಮನೆಗೆ ಬಂದೆ.

ಹೀಗಿರಲು, ಈ ನಾಣ್ಯ ನಮ್ಮಲ್ಲಿ ಏಕೆ ನಡೆಯದು? ಕೇಳಿದವರೆಲ್ಲರೂ ಮೊದಲು ಹೇಳುವ ಕಾರಣ, ಅದರಲ್ಲಿ ನಕಲಿ ಬಹಳ ಎಂಬುದು. ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಗೆರೆ ಇದ್ದರೆ ನಕಲಿ. ರೂಪಾಯಿಯ ಚಿಹ್ನೆ ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ. ಹೀಗೆ ಪರೀಕ್ಷಿಸುವ ವಿಧಾನವೂ ಜನರಲ್ಲಿ ಪ್ರಚಾರದಲ್ಲಿದೆ. ವಾಸ್ತವವಾಗಿ ಈ ನಾಣ್ಯ ಜನರ ಕೈಗೆ ಬಂದದ್ದು ೨೦೦೯ ರಲ್ಲಿ. ರೂಪಾಯಿಗೆ ಈಗಿನ ಚಿಹ್ನೆಯನ್ನು ಸರ್ಕಾರ ಅಂಗೀಕರಿಸಿದ್ದು ೨೦೧೦ ರ ಜುಲೈ ತಿಂಗಳಲ್ಲಿ. ನಾಣ್ಯಗಳ ಮೇಲೆ ಅದು ಬಂದದ್ದು ೨೦೧೧ ರಿಂದ. ಅದಕ್ಕೆ ಮುಂಚೆ ಅಚ್ಚಾದ ನಾಣ್ಯದ ಮೇಲೆ ಇನ್ನೂ ಹುಟ್ಟದ ಚಿಹ್ನೆ ಇರುವುದಾದರೂ ಹೇಗೆ? ಗೆರೆಗಳ ಮಾತೂ ಅಷ್ಟೆ. ಹಳೆಯ ವಿನ್ಯಾಸದಲ್ಲಿ ಹದಿನೈದು, ಹೊಸದರಲ್ಲಿ ಹತ್ತು. ಎರಡೂ ಸರ್ಕಾರಿ ಟಂಕಸಾಲೆಯವೇ. ೨೦೧೬ ರ ನವೆಂಬರ್ ೮ ರಂದು ದೊಡ್ಡ ನೋಟುಗಳು ರದ್ದಾದ ಮೇಲೆ ಜನರಿಗೆ ಎಲ್ಲ ಹಣದ ಮೇಲೂ ಸಂಶಯ ಬಂದಿತ್ತು. ಅದೇ ತಿಂಗಳ ೨೦ ನೆಯ ತಾರೀಖು ಭಾರತೀಯ ರಿಜರ್ವ್ ಬ್ಯಾಂಕು, ಹತ್ತು ರೂಪಾಯಿಯ ನಾಣ್ಯವನ್ನು ಹಿಂಜರಿಯದೆ ತೆಗೆದುಕೊಳ್ಳಿರೆಂದು ಪ್ರಕಟಣೆ ಹೊರಡಿಸಿತು. ಅದೂ ಸಾಲದೆ ೨೦೧೮ ರ ಜನವರಿ ೧೭ ರಂದು, ಈ ನಾಣ್ಯ ಹದಿನಾಲ್ಕು ವಿನ್ಯಾಸಗಳಲ್ಲಿ ಬಂದಿದೆ, ಹದಿನಾಲ್ಕೂ ಸಲ್ಲುತ್ತವೆ ಎಂದು ಮತ್ತೊಂದು ಪ್ರಕಟಣೆ ಕೊಟ್ಟಿತು. ೨೦೧೧ ರ ನಾಣ್ಯ ಕಾಯಿದೆಯಂತೂ, ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳನ್ನು ಸಾವಿರ ರೂಪಾಯಿಯವರೆಗಿನ ಮೊತ್ತಕ್ಕೆ ಸಂದಾಯವಾಗಿ ಕೊಡಬಹುದೆಂದು ಸ್ಪಷ್ಟವಾಗಿ ಹೇಳುತ್ತದೆ. ಅಜ್ಜಿಯ ನಾಲ್ಕು ನೂರ ಎಪ್ಪತ್ತು ರೂಪಾಯಿ ಈ ಮಿತಿಯೊಳಗೇ ಇತ್ತು.

ಈ ಎರಡು ಪ್ರಕಟಣೆಗಳ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ನಾನು ಮತ್ತೆ ಅಂಗಡಿಗಳಿಗೆ ಹೋದೆನು. ಆಗ ತಿಳಿದ ಸಂಗತಿಯೇ ನನಗೆ ಹೆಚ್ಚು ಬೋಧಪ್ರದವಾಯಿತು. ಕಿರಾಣಿ ಅಂಗಡಿಯವರು ಕಾಗದವನ್ನು ಪೂರ್ತಿ ಓದಿ, "ಇದು ನಕಲಿ ಅಂತ ನಾನೆಲ್ಲಿ ಅಂದೆ? ನಾನು ತಗಂಡ್ರೆ ನನ್ನತ್ರ ಯಾರು ತಗಳ್ತಾರೆ?" ಎಂದರು. ಅವರಿಗೆ ಸರಕು ಕೊಡುವ ಸಗಟು ವ್ಯಾಪಾರಿಯನ್ನು ಚಳ್ಳಕೆರೆಯಲ್ಲಿ ಕಂಡೆ. ಅವರ ಉತ್ತರವೂ ಅಕ್ಷರಶಃ ಅದೇ. ಅವರು ಬೆಟ್ಟು ತೋರಿಸಿದ್ದು ಬ್ಯಾಂಕಿನ ಕಡೆಗೆ. ಅಂದರೆ ಈ ಸರಪಳಿಯಲ್ಲಿ ಒಬ್ಬರೂ ನಾಣ್ಯವನ್ನು ಅಪನಂಬುವುದಿಲ್ಲ; ಪ್ರತಿಯೊಬ್ಬರೂ ಅಪನಂಬುವುದು ಮುಂದಿನವನನ್ನು. ಹತ್ತು ಜನರೂ ನಾಣ್ಯ ಒಳ್ಳೆಯದೆಂದು ಬಲ್ಲರು, ಹತ್ತು ಜನರೂ ಅದನ್ನು ಬೇಡವೆನ್ನುವರು. ನಕಲಿಯ ಮಾತು ಗಿರಾಕಿಯ ಬಾಯಿ ಮುಚ್ಚಿಸಲು ಹೇಳುವ ಮಾತಷ್ಟೆ.

ಬ್ಯಾಂಕಿನ ಕಷ್ಟವೇನು? ಒಂದು ಬಿಲ್ಲೆಯ ತೂಕ ೭.೭೧ ಗ್ರಾಂ. ಒಂದು ಲಕ್ಷ ರೂಪಾಯಿಯನ್ನು ಈ ಬಿಲ್ಲೆಗಳಲ್ಲಿ ಕಟ್ಟಲು ಹೋದರೆ ಹತ್ತು ಸಾವಿರ ಬಿಲ್ಲೆ, ಅಂದರೆ ೭೭ ಕಿಲೋಗಿಂತ ಮೇಲೆ. ಒಂದು ಶೇಂಗಾ ಚೀಲವನ್ನು ಹೊತ್ತಂತೆಯೇ ಸರಿ. ಎಣಿಸಬೇಕು, ಚೀಲಕ್ಕೆ ತುಂಬಬೇಕು, ಇಡಲು ಜಾಗ ಬೇಕು. ಹಾಗೆ ಒಳಗೆ ಬಂದದ್ದನ್ನು ಮತ್ತೆ ಹೊರಗೆ ಕೊಡೋಣವೆಂದರೆ ತೆಗೆದುಕೊಳ್ಳುವವರಿಲ್ಲ. ನಾಣ್ಯ ಟಂಕಸಾಲೆಯಿಂದ ರಿಜರ್ವ್ ಬ್ಯಾಂಕಿಗೆ, ಅಲ್ಲಿಂದ ಬ್ಯಾಂಕುಗಳಿಗೆ, ಅಲ್ಲಿಂದ ಪೇಟೆಗೆ ಇಳಿದು ಬರುವ ದಾರಿ ಚೆನ್ನಾಗಿದೆ. ಮೇಲಕ್ಕೆ ಹತ್ತಿ ಹೋಗುವ ದಾರಿ ಮಾತ್ರ ಇಕ್ಕಟ್ಟಾದುದು. ಆದುದರಿಂದ ಬಡಪಾಯಿಯ ಮಣ್ಣಿನ ಹುಂಡಿಯೋ ದೇವರ ಹುಂಡಿಯೋ ಅದಕ್ಕೆ ಕೊನೆಯ ನಿಲ್ದಾಣವಾಗುತ್ತದೆ.

ಇದನ್ನೆಲ್ಲ ನಮ್ಮ ಅರ್ಥಶಾಸ್ತ್ರದ ಉಪನ್ಯಾಸಕರ ಮುಂದೆ ಹೇಳಿದಾಗ ಅವರು, "ಗ್ರೆಶಾಮನ ನಿಯಮ ಇಲ್ಲಿಗೆ ಹೊಂದುತ್ತದೆಯೋ ನೋಡು" ಎಂದರು. ಕೆಟ್ಟ ಹಣವು ಒಳ್ಳೆಯ ಹಣವನ್ನು ಚಲಾವಣೆಯಿಂದ ಓಡಿಸುತ್ತದೆ ಎಂಬುದು ಹದಿನಾರನೆಯ ಶತಮಾನದ ಇಂಗ್ಲೆಂಡಿನ ಥಾಮಸ್ ಗ್ರೆಶಾಮನ ಹೆಸರಿನಲ್ಲಿರುವ ನಿಯಮ. ಮೇಲುನೋಟಕ್ಕೆ ಅದು ಹೊಂದುವಂತೆಯೇ ಕಾಣುತ್ತದೆ. ನಮ್ಮೂರಿನಲ್ಲಿ ಹತ್ತರ ನೋಟುಗಳು ಬೆವರು ಹತ್ತಿ, ಮಡಿಕೆ ಮಡಿಕೆಯಾಗಿ, ಮಧ್ಯೆ ಅಂಟುಪಟ್ಟಿಯ ತೇಪೆ ಹಾಕಿಸಿಕೊಂಡು ಓಡಾಡುತ್ತಿವೆ. ಹೊಳೆಯುವ ಬಿಲ್ಲೆ ಗಂಟಿನಲ್ಲಿ ಕುಳಿತಿದೆ. ಆದರೆ ಗ್ರೆಶಾಮನ ನಿಯಮದಲ್ಲಿ ಜನರು ಒಳ್ಳೆಯ ನಾಣ್ಯವನ್ನು ಬಚ್ಚಿಡುವುದು ಅದರ ಲೋಹಕ್ಕಾಗಿ. ಇಲ್ಲಿ ಯಾರೂ ಬಯಸಿ ಬಚ್ಚಿಟ್ಟಿಲ್ಲ. ಹತ್ತು ರೂಪಾಯಿಯ ನಾಣ್ಯವನ್ನು ಅಚ್ಚುಹಾಕಲು ತಗಲುವ ವೆಚ್ಚ ಸುಮಾರು ೫ ರೂಪಾಯಿ ೫೪ ಪೈಸೆ ಎಂದು ೨೦೧೮ ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಬಂದ ಉತ್ತರದಿಂದ ತಿಳಿದಿತ್ತು. ಕರಗಿಸಿ ಲಾಭ ಮಾಡುವ ಮಾತೇ ಇಲ್ಲ. (ಅದೇ ಉತ್ತರದ ಪ್ರಕಾರ ಒಂದು ರೂಪಾಯಿಯ ನಾಣ್ಯಕ್ಕೆ ೧ ರೂಪಾಯಿ ೧೧ ಪೈಸೆ ತಗಲುತ್ತಿತ್ತು. ಚಿಲ್ಲರೆ ಒದಗಿಸುವುದು ಸರ್ಕಾರಕ್ಕೆ ಯಾವಾಗಲೂ ಲಾಭದ ಕೆಲಸವಲ್ಲ.) ಆದುದರಿಂದ ಗ್ರೆಶಾಮನನ್ನು ಇಲ್ಲಿಗೆ ಬಿಡಬೇಕಾಯಿತು.

ಹೆಚ್ಚು ಬೆಳಕು ಸಿಕ್ಕಿದ್ದು ಹೊರದೇಶಗಳ ಉದಾಹರಣೆಯಿಂದ. ಅಮೆರಿಕದ ಸರ್ಕಾರ ೧೯೭೯ ರಲ್ಲಿ ಒಂದು ಡಾಲರಿನ ಸಣ್ಣ ನಾಣ್ಯವನ್ನು ಹೊರಡಿಸಿತು. ಅದು ನಡೆಯಲಿಲ್ಲ. ೨೦೦೦ ದಲ್ಲಿ ಬಂಗಾರದ ಬಣ್ಣದ ಮತ್ತೊಂದನ್ನು ತಂದಿತು. ಅದೂ ನಡೆಯಲಿಲ್ಲ. ಏಕೆಂದರೆ ಡಾಲರಿನ ನೋಟು ಪಕ್ಕದಲ್ಲೇ ಇತ್ತು. ನೆರೆಯ ಕೆನಡಾ ದೇಶ ೧೯೮೭ ರಲ್ಲಿ ಡಾಲರಿನ ನಾಣ್ಯವನ್ನು ತಂದು, ೧೯೮೯ ರಲ್ಲಿ ನೋಟು ಕೊಡುವುದನ್ನು ನಿಲ್ಲಿಸಿತು, ನಾಣ್ಯ ನಡೆಯಿತು. ಬ್ರಿಟನ್ನಿನಲ್ಲಿ ೧೯೮೩ ರಲ್ಲಿ ಪೌಂಡಿನ ನಾಣ್ಯ ಬಂದಿತು, ೧೯೮೮ ರಲ್ಲಿ ನೋಟು ಹೋಯಿತು, ಅಲ್ಲಿಯೂ ನಡೆಯಿತು. ನಾಣ್ಯ ಮತ್ತು ನೋಟು ಒಂದೇ ಬೆಲೆಗೆ ಎದುರೆದುರು ನಿಂತರೆ ಜನ ಹಗುರವಾದುದನ್ನೇ ಆರಿಸಿಕೊಳ್ಳುವರು.

ಇದರ ಸಾಕ್ಷ್ಯಕ್ಕೆ ಕೆನಡಾದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಐದು ರೂಪಾಯಿಯ ಬಿಲ್ಲೆಯನ್ನೇ ನೋಡಿ. ಅದು ದಪ್ಪದ್ದು, ತೆಳ್ಳಗಿನದು, ಬಿಳಿಯದು, ಹಳದಿಯದು ಎಂದು ಎಷ್ಟೋ ರೂಪಗಳಲ್ಲಿ ಬಂದಿದೆ. ಆದರೂ ಚಳ್ಳಕೆರೆಯ ಸಂತೆಯಲ್ಲಾಗಲಿ ಮೊಳಕಾಲ್ಮುರಿನ ಬಸ್ ನಿಲ್ದಾಣದಲ್ಲಾಗಲಿ ಯಾರೂ ಅದರ ಗೆರೆ ಎಣಿಸುವುದಿಲ್ಲ. ಐದರ ನೋಟು ಕೈಯಿಂದ ಕೈಗೆ ಓಡಾಡುವುದು ನಿಂತುಹೋಗಿರುವುದರಿಂದ ಬಿಲ್ಲೆಯನ್ನು ಬೇಡವೆಂದರೆ ವ್ಯಾಪಾರವೇ ಇಲ್ಲ. ವಿನ್ಯಾಸಗಳ ಗೊಂದಲದಿಂದಲೇ ಹತ್ತರ ಬಿಲ್ಲೆ ಕೆಟ್ಟಿತೆನ್ನುವವರಿಗೆ ಐದರ ಬಿಲ್ಲೆಯೇ ಉತ್ತರ. ಬೇರೆ ಆಯ್ಕೆ ಇರುವಲ್ಲಿ ಮಾತ್ರ ಸಂಶಯ ಬೆಳೆಯುತ್ತದೆ.

ಇಷ್ಟು ಹೇಳಿ ನಾನು ಗೆದ್ದೆನೆಂದುಕೊಂಡೆ. ಆಗ ಉಪನ್ಯಾಸಕರು, "ಹಾಗಾದರೆ ಬೆಂಗಳೂರಿನಲ್ಲಿ ಏಕೆ ನಡೆಯುತ್ತದೆ? ಅಲ್ಲಿಯೂ ಹತ್ತರ ನೋಟು ಇದೆಯಲ್ಲ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವ ನಮ್ಮೂರ ಹುಡುಗರು ಹಬ್ಬಕ್ಕೆ ಬರುವಾಗ ಜೇಬಿನಲ್ಲಿ ಈ ಬಿಲ್ಲೆಗಳನ್ನು ತರುತ್ತಾರೆ. ಹಿಂತಿರುಗಿ ಹೋಗುವಾಗ ಅವನ್ನೇ ಎಣಿಸಿಕೊಂಡು ಒಯ್ಯುತ್ತಾರೆ. ಅದೇ ಬಿಲ್ಲೆ, ಅದೇ ಜೇಬು. ಇಲ್ಲಿ ಅದು ಬರೀ ಲೋಹ, ಅಲ್ಲಿ ಹಣ. ಹಲವು ದಿನ ಯೋಚಿಸಿದ ಮೇಲೆ ನನಗೆ ತೋರಿದ್ದು ಇಷ್ಟು. ನೋಟಿನ ಇರುವಿಕೆಯಿಂದ ನಾಣ್ಯವನ್ನು ಬೇಡವೆನ್ನುವುದು ಸಾಧ್ಯವಾಗುತ್ತದೆ, ಅನಿವಾರ್ಯವಾಗುವುದಿಲ್ಲ. ಒಂದು ಪೇಟೆಯಲ್ಲಿ ತೆಗೆದುಕೊಳ್ಳುವ ರೂಢಿ ಬಿದ್ದರೆ ಅದೂ ಗಟ್ಟಿ, ಬೇಡವೆನ್ನುವ ರೂಢಿ ಬಿದ್ದರೆ ಅದೂ ಗಟ್ಟಿ. ರಸ್ತೆಯಲ್ಲಿ ಎಡಬದಿಗೆ ನಡೆಯುವಂತೆ, ಉಳಿದವರು ಹೇಗೋ ನಾವೂ ಹಾಗೆಯೇ ಎಂಬುದೇ ಇದರ ಬಲ. ದೊಡ್ಡ ಊರಿನಲ್ಲಿ ಗಿರಾಕಿ ನಿಮಿಷಕ್ಕೊಬ್ಬ. ಚಿಲ್ಲರೆ ಬಂದ ಗಳಿಗೆಯಲ್ಲೇ ಹೊರಗೆ ಹೋಗುತ್ತದೆ. ಒಬ್ಬನು ಬೇಡವೆಂದರೂ ಮುಂದಿನವನು ಒಯ್ಯುತ್ತಾನೆ. ನಮ್ಮೂರಿನ ಅಂಗಡಿಯಲ್ಲಿ ಒಂದು ಬಿಲ್ಲೆ ಎರಡು ದಿನ ಗಲ್ಲಾಪೆಟ್ಟಿಗೆಯಲ್ಲಿ ಕುಳಿತರೆ ಅಂಗಡಿಯವರಿಗೆ ನಿದ್ದೆ ಬಾರದು.

ಕನ್ನಡದ ಮಾತೇ ಈ ಗುಟ್ಟನ್ನು ಮೊದಲೇ ಅರಿತಂತಿದೆ. ನಾಣ್ಯ ನಿಜವೇ ಎಂದು ನಾವು ಕೇಳುವುದಿಲ್ಲ; ಸಲ್ಲುತ್ತದೆಯೇ, ನಡೆಯುತ್ತದೆಯೇ ಎಂದು ಕೇಳುತ್ತೇವೆ. ಮೊಳಕಾಲ್ಮುರು, ರಾಯದುರ್ಗದ ಕಡೆಯ ತೆಲುಗು ವ್ಯಾಪಾರಿಗಳು 'ಚೆಲ್ಲದು' ಎನ್ನುವುದೂ ನಮ್ಮ 'ಸಲ್ಲದು' ಎಂಬುದೂ ಕಿವಿಗೆ ಅಕ್ಕತಂಗಿಯರಂತೆ ಕೇಳುತ್ತವೆ. ನಡೆಯುವುದು ಎಂದರೆ ಒಬ್ಬರಿಂದ ಒಬ್ಬರಿಗೆ ಹೋಗುವುದು. ನಿಂತ ನಾಣ್ಯಕ್ಕೆ ಸರ್ಕಾರದ ಮುದ್ರೆ ಇದ್ದರೇನು?

ನಮ್ಮ ಜಿಲ್ಲೆಗೆ ಇದು ಹೊಸ ಕಥೆಯೂ ಅಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ನೆಲದಲ್ಲಿ ಸಾತವಾಹನರ ಕಾಲದ ಮಹಾರಠಿಗಳ ಸೀಸದ ನಾಣ್ಯಗಳೂ ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸರ ಬೆಳ್ಳಿಯ ನಾಣ್ಯಗಳೂ ದೊರೆತಿವೆ. ೧೯೪೭ ರಲ್ಲಿ ಮಾರ್ಟಿಮರ್ ವೀಲರ್ ಅವರು ಅಲ್ಲಿಯೂ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಗೆಸಿದ ಸಂಗತಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಗೊತ್ತಿದೆ. ರೋಮಿನ ಅಧಿಕಾರಿಯೊಬ್ಬನೂ ಇಲ್ಲದ ನೆಲದಲ್ಲಿ ರೋಮಿನ ನಾಣ್ಯಕ್ಕೆ ಬೆಲೆಯಿದ್ದದ್ದು ಅದರ ಬೆಳ್ಳಿಯಿಂದ. ಸೀಸದ ನಾಣ್ಯ ಮಾತ್ರ ಜನರ ಒಪ್ಪಿಗೆಯಿಂದಲೇ ನಡೆಯಬೇಕಾಗಿತ್ತು. ಮುಂದೆ ದುರ್ಗಿ ವರಹವೆಂಬ ಹೆಸರಿನಲ್ಲಿ ನಮ್ಮ ದುರ್ಗದ ನಾಣ್ಯವೂ ಪ್ರಸಿದ್ಧವಾಗಿತ್ತು. ಇನ್ನು ಮೈಸೂರಿನಲ್ಲಿ ಕಂಠೀರವ ನರಸರಾಜ ಒಡೆಯರು (೧೬೩೮–೫೯) ಅಚ್ಚುಹಾಕಿಸಿದ ಕಂಠೀರಾಯಿ ಹಣದ ವಿಚಾರ ಇನ್ನೂ ಸ್ವಾರಸ್ಯವಾದುದು. ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹವೆಂದು ಲೆಕ್ಕ ಬರೆಯುತ್ತಿದ್ದರು. ಆದರೆ ಆ ವರಹ ಲೆಕ್ಕದ ಪುಸ್ತಕದಲ್ಲಿ ಮಾತ್ರವಿತ್ತು, ನಾಣ್ಯವಾಗಿ ಇರಲಿಲ್ಲ. ಅಲ್ಲಿ ನಾಣ್ಯವಿಲ್ಲದ ಹಣ. ಇಲ್ಲಿ ನನ್ನ ಗಂಟಿನಲ್ಲಿ ಹಣವಾಗದ ನಾಣ್ಯ.

ಜನರ ನಾಲಿಗೆ ಕೆಲವು ನಾಣ್ಯಗಳಿಗೆ ಹೆಸರಿಟ್ಟಿತು, ಕೆಲವಕ್ಕೆ ಇಡಲಿಲ್ಲ ಎಂಬುದನ್ನೂ ಗಮನಿಸಬೇಕು. ೧೯೫೭ ರ ಏಪ್ರಿಲ್ ೧ ರಂದು ದಶಮಾಂಶ ಪದ್ಧತಿ ಬಂದು, ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆಯ ರೂಪಾಯಿಯಾಯಿತು. ಆದರೂ ಇಪ್ಪತ್ತೈದು ಪೈಸೆ ನಾಲ್ಕಾಣೆಯಾಗಿಯೇ ಉಳಿಯಿತು, ಐವತ್ತು ಪೈಸೆ ಎಂಟಾಣೆಯಾಗಿಯೇ ಉಳಿಯಿತು. ಅರೆ, ಕಾಲು, ಅರೆಕಾಲು, ವೀಸ ಎಂದು ಅರ್ಧರ್ಧವಾಗಿ ಒಡೆದು ಎಣಿಸಿದ ಜನ ನಾವು. ೧೯೬೪ ರಲ್ಲಿ ಮೂರು ಪೈಸೆಯ ನಾಣ್ಯ ಬಂದಿತು, ೧೯೬೮ ರಲ್ಲಿ ಇಪ್ಪತ್ತು ಪೈಸೆಯದು ಬಂದಿತು. ಇವಕ್ಕೆ ಹಳೆಯ ಲೆಕ್ಕದಲ್ಲಿ ಜಾಗವಿರಲಿಲ್ಲ. ಅಜ್ಜಿಯನ್ನು ಕೇಳಿದರೆ ನಾಲ್ಕಾಣೆಗೆ ಏನೇನು ಬರುತ್ತಿತ್ತೆಂದು ಅರ್ಧ ಗಂಟೆ ಹೇಳುತ್ತಾಳೆ. ಮೂರು ಪೈಸೆಯ ಬಿಲ್ಲೆ ಅವಳಿಗೆ ನೆನಪೇ ಇಲ್ಲ.

ಕಾಲುರೂಪಾಯಿ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳನ್ನು ಸರ್ಕಾರವೇ ೨೦೧೧ ರ ಜೂನ್ ೩೦ ರಿಂದ ನಿಲ್ಲಿಸಿತು. ಎಂಟಾಣೆಯನ್ನು ನಿಲ್ಲಿಸಿಲ್ಲ, ಕಾಯಿದೆಯ ಪ್ರಕಾರ ಹತ್ತು ರೂಪಾಯಿಯವರೆಗೆ ಅದನ್ನು ಕೊಡಬಹುದು. ಆದರೆ ಅದಕ್ಕೆ ಕೊಳ್ಳುವ ವಸ್ತುವೇ ಉಳಿದಿಲ್ಲವಾದ್ದರಿಂದ ಅದು ತನ್ನಷ್ಟಕ್ಕೆ ಮರೆಯಾಯಿತು. ಇದರಲ್ಲಿ ಯಾರಿಗೂ ಹೆಚ್ಚಿನ ನಷ್ಟವಿಲ್ಲ. ಒಂದೆರಡು ರೂಪಾಯಿಯ ಬಿಲ್ಲೆಗಳ ಬದಲಿಗೆ ಅಂಗಡಿಯವರು ಚಾಕೊಲೇಟು ಕೊಡುವುದುಂಟು. ಆ ಚಾಕೊಲೇಟನ್ನು ನಾವು ಹಿಂದಿರುಗಿಸಿ ಸಾಮಾನು ಕೇಳಿದರೆ ಮಾತ್ರ ಅದು ಸಲ್ಲುವುದಿಲ್ಲ. ೨೦೨೦ ರಲ್ಲಿ ಚಲಾವಣೆಗೆ ಬಂದ ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿಯ ನಾಣ್ಯವನ್ನು ನಾನು ನೋಡಿರುವುದು ಒಂದೇ ಬಾರಿ, ಅದೂ ನಮ್ಮೂರ ಕಾವಲಿನಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣಕ್ಕೆ ತರಬೇತಿಗೆಂದು ಬಂದಿದ್ದ ಉಪಾಧ್ಯಾಯರೊಬ್ಬರ ಕೈಯಲ್ಲಿ. ಅವರೂ ಅದನ್ನು ತೋರಿಸಲು ಇಟ್ಟುಕೊಂಡಿದ್ದರೇ ಹೊರತು ಖರ್ಚಿಗಲ್ಲ.

ಚಿಲ್ಲರೆಯ ಹರಿವನ್ನು ಇನ್ನೆರಡು ಸಂಗತಿಗಳು ಬತ್ತಿಸಿವೆ. ಹಿಂದೆ ಕಂಡಕ್ಟರ ಚರ್ಮದ ಚೀಲವೇ ಹಳ್ಳಿಗಳಿಗೆ ಚಿಲ್ಲರೆಯ ತೊರೆಯಾಗಿತ್ತು. ೨೦೨೩ ರ ಜೂನ್ ೧೧ ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲ. ನಮ್ಮ ತಾಯಂದಿರಿಗೆ ಅದು ದೊಡ್ಡ ಉಪಕಾರವೇ ಆದರೂ ಚಿಲ್ಲರೆಯ ಓಡಾಟ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಎರಡನೆಯದು ಮೊಬೈಲಿನ ಸಂದಾಯ. ಚಹದಂಗಡಿಯ ಗೋಡೆಗೆ ಅಂಟಿಸಿದ ಚೌಕುಳಿ ಚಿತ್ರಕ್ಕೆ ಮೊಬೈಲು ತೋರಿಸಿದರೆ ಹತ್ತು ರೂಪಾಯಿ ಹೋಗುತ್ತದೆ. ಗೆರೆ ಎಣಿಸುವ ಕೆಲಸವಿಲ್ಲ. ನನ್ನಂತಹವರಿಗೆ ಇದು ಸಲೀಸು. ಆದರೆ ಮೊಬೈಲಿನಲ್ಲಿ ಹಣ ಕಳಿಸಲು ಬಾರದ, ಕೈಗೆ ಬಂದದ್ದನ್ನು ಸೆರಗಿಗೆ ಕಟ್ಟಿಕೊಳ್ಳುವ ಅಜ್ಜಿಯಂತಹವರ ಬಳಿಯೇ ಕೊನೆಗೆ ಈ ಬಿಲ್ಲೆಗಳು ಬಂದು ಸೇರುವುವು. ಬುದ್ಧಿವಂತರು ಬೇಡವೆಂದದ್ದನ್ನು ಇಲ್ಲವೆನ್ನಲಾರದವರು ತೆಗೆದುಕೊಳ್ಳುತ್ತಾರೆ. ನಾಲ್ಕು ನೂರ ಎಪ್ಪತ್ತಕ್ಕೆ ನಾಲ್ಕು ನೂರು ಕೊಡುವವರು ಕಾದಿರುವುದು ಇಂಥವರಿಗಾಗಿಯೇ. ಆ ಎಪ್ಪತ್ತು ರೂಪಾಯಿ ಜಾತ್ರೆಯ ಬಿಸಿಲಿನಲ್ಲಿ ಅರ್ಧ ದಿನ ಕುಳಿತ ಲಾಭ.

ಗಂಟಿನ ಕಥೆಯನ್ನು ಮುಗಿಸಬೇಕು. ಒಂದು ಬ್ಯಾಂಕಿಗೆ ಹೋದೆ. ಮೊದಲ ದಿನ, ಎಣಿಸುವವರಿಲ್ಲ, ಮಂಗಳವಾರ ಬಾ ಎಂದರು. ಮಂಗಳವಾರ ಹೋದಾಗ ಗುಮಾಸ್ತರು, "ಇಷ್ಟೊಂದು ಎಲ್ಲಿಂದ ತಂದೆಯಪ್ಪಾ?" ಎಂದು ಕೇಳಿದರು. ನಾಯಕನಹಟ್ಟಿ ಜಾತ್ರೆಯಿಂದ ಎಂದೆ. ರಿಜರ್ವ್ ಬ್ಯಾಂಕಿನ ಪ್ರಕಟಣೆಯನ್ನೂ ಮೇಜಿನ ಮೇಲಿಟ್ಟೆ. ಅವರು ಅದನ್ನು ಓದಲಿಲ್ಲ. ಬಿಲ್ಲೆಗಳನ್ನು ಹತ್ತು ಹತ್ತರಂತೆ ಪೇರಿಸಿ, ನನ್ನ ಖಾತೆಗೆ ನಾಲ್ಕು ನೂರ ಅರವತ್ತು ರೂಪಾಯಿ ಬರೆದುಕೊಂಡರು. ಒಂದು ಬಿಲ್ಲೆಯನ್ನು ತರಗತಿಯಲ್ಲಿ ತೋರಿಸಲೆಂದು ನಾನೇ ಇಟ್ಟುಕೊಂಡಿದ್ದೆ. ಶುಲ್ಕವನ್ನು ಅದೇ ವಾರ ಕಟ್ಟಿದೆ. ಅಜ್ಜಿಗೆ ವಿಷಯ ತಿಳಿಸಿದಾಗ, "ನಾನು ಹೇಳ್ಲಿಲ್ವಾ ಮಗಾ, ಸರ್ಕಾರದ ಮುದ್ರೆ ಐತೆ ಅಂತ" ಎಂದಳು. ಅವಳ ಪಾಲಿಗೆ ಪ್ರಶ್ನೆ ಹುಟ್ಟಿಯೇ ಇರಲಿಲ್ಲ.

ಉಳಿದ ಒಂದು ಬಿಲ್ಲೆಯನ್ನು ಮೊನ್ನೆ ಕಾಲೇಜಿನ ಎದುರಿನ ಅಂಗಡಿಯಲ್ಲಿ ಚಹಕ್ಕೆ ಕೊಟ್ಟೆ. ಅಂಗಡಿಯವರು ಎರಡೂ ಮಗ್ಗುಲು ತಿರುಗಿಸಿ ನೋಡಿ, ಪರಿಚಯದ ಹುಡುಗನೆಂದು ಗಲ್ಲಾಪೆಟ್ಟಿಗೆಗೆ ಹಾಕಿಕೊಂಡು, "ಇದೊಂದೇ ಸಲ, ಇನ್ನೊಂದು ತರಬ್ಯಾಡ" ಎಂದರು.